ಬೀಪಿಗೆ ಬಾಯಿ ಬಂದಾಗ

ಇದು ನಿಜವಾಗಿಯೂ ನಡೆದ ಕಥೆ. ಸರಿಯಾಗಿ ಹೇಳಬೇಕೆಂದರೆ, ಓಡಿದ ಕಥೆ. ಜುಲೈ ತಿಂಗಳ ಒಂದು ಮಂಗಳವಾರ ಸಂಜೆ, ಹ್ಯಾಕ್ಲೆ ಟೌನ್ ಫುಟ್‌ಬಾಲ್ ಕ್ಲಬ್ಬಿನ ಮೈದಾನದಲ್ಲಿ ಪೆಂಡಿ ಎರಡು ಬಿಳಿ ಗೆರೆಗಳ ನಡುವೆ ಓಡುತ್ತಿದ್ದ. ಗೆರೆಯಿಂದ ಗೆರೆಗೆ ಇಪ್ಪತ್ತು ಮೀಟರ್. ಬದಿಗಿಟ್ಟ ಸ್ಪೀಕರ್ ಪೆಟ್ಟಿಗೆ ‘ಬೀಪ್’ ಅನ್ನುವುದರೊಳಗೆ ಆ ಗೆರೆ ಮುಟ್ಟಬೇಕು, ಮುಂದಿನ ಬೀಪಿನೊಳಗೆ ಈ ಗೆರೆ. ನಿಮಿಷಕ್ಕೊಮ್ಮೆ ಪೆಟ್ಟಿಗೆಯೊಳಗಿನ ಹೆಂಗಸು ವಾರ್ತೆ ಓದುವ ಗತ್ತಿನಲ್ಲಿ ‘ಹಂತ ಏಳು’, ‘ಹಂತ ಎಂಟು’ ಎಂದು ಸಾರುತ್ತಾಳೆ; ಸಾರಿದಂತೆಲ್ಲ ಬೀಪುಗಳು ಹತ್ತಿರ ಹತ್ತಿರವಾಗುತ್ತವೆ. ‘ಹನ್ನೆರಡು’ ಅಂತ ಕೇಳಿಸಿಕೊಳ್ಳುವ ತನಕ ಓಡಿದವನಿಗೆ ಇನ್ನೊಂದು ವರ್ಷದ ಕರಾರು. ಉಳಿದವರಿಗೆ ಕೈಕುಲುಕು ಮತ್ತು ಕ್ಲಬ್ಬಿನ ಹೆಸರಿರುವ ಒಂದು ಚಹಾ ಮಗ್ಗು.

ಹುಡುಗರೆಲ್ಲ ಮೊದಲ ಸರದಿಯಲ್ಲೇ ಓಡಿ ಗೆದ್ದು ಹುಲ್ಲಿನ ಮೇಲೆ ಉರುಳಿಕೊಂಡಿದ್ದರು. ಕೊನೆಯ ಸರದಿ ವಯಸ್ಸಾದವರದು, ಹೊಟ್ಟೆ ಬಂದವರದು. ಅದರಲ್ಲಿ ಉಳಿದವನು ಪೆಂಡಿ ಒಬ್ಬನೇ. ಪೂರ್ತಿ ಹೆಸರು ರಸೆಲ್ ಪೆಂಡ್ಲ್‌ಬರಿ, ವಯಸ್ಸು ಮೂವತ್ತಾರು, ಹದಿನೇಳು ವರ್ಷದಲ್ಲಿ ಒಂಬತ್ತು ಕ್ಲಬ್ಬು, ಇನ್ನೂರ ನಾಲ್ಕು ಗೋಲು. ಒಂದಾದರೂ ಟೀವಿಯ ಮುಖ ಕಂಡದ್ದಿಲ್ಲ. ವಾರವಿಡೀ ಊರವರ ಮನೆಗಳಲ್ಲಿ ಮೊಣಕಾಲೂರಿ ಕಾರ್ಪೆಟ್ ಹಾಸುತ್ತಾನೆ, ಶನಿವಾರ ಎದ್ದು ನಿಂತು ಗೋಲು ಹೊಡೆಯುತ್ತಾನೆ. ಎಡ ಮೊಣಕಾಲಿನ ಈಚಿನ ಸಮಾಚಾರ ಅವನಿಗೂ ಪ್ಯಾಂಟಿನೊಳಗಿನ ಪಟ್ಟಿಗೂ ಬಿಟ್ಟರೆ ಇನ್ನಾರಿಗೂ ಗೊತ್ತಿರಲಿಲ್ಲ.

ಒಂಬತ್ತನೆಯ ಹಂತದಲ್ಲಿ, ಬದಲಿ ಆಟಗಾರರು ಕೂರುವ ತಗಡಿನ ಗೂಡಿನ ಮುಂದೆ ತಿರುಗುವಾಗ ಪೆಂಡಿಯ ಕಣ್ಣು ಪೆಟ್ಟಿಗೆಯ ಮೇಲೆ ಬಿತ್ತು. ಅದರ ಹಸಿರು ದೀಪ ಆರಿಹೋಗಿತ್ತು. ಆದರೂ ‘ಬೀಪ್’ ಅಂತು. ಅಂದದ್ದು ಪೆಟ್ಟಿಗೆಯಲ್ಲ, ಅದರ ಪಕ್ಕದಲ್ಲಿ ಕೂತಿದ್ದ ಗೋಲ್‌ಕೀಪರ್ ಜೆಥ್ರೊ. ಆರನೆಯ ಹಂತಕ್ಕೇ ಕೈಚೆಲ್ಲಿ ಬಂದಿದ್ದ ನೂರು ಕಿಲೋ ಆಸಾಮಿ ತುಟಿ ಮುಂದೆ ಚಾಚಿ ಬೀಪಿಸುತ್ತಿದ್ದ. ರೆಫರಿ, ಪಾದ್ರಿ, ಬೇಯಿಸಿ ಹಿಸುಕಿದ ಬಟಾಣಿ ಮಾರುವ ಮುದುಕಿ, ಯಾರ ದನಿಯನ್ನೂ ಅಣಕಿಸದೆ ಬಿಟ್ಟವನಲ್ಲ.

“ಹಂತ ಹತ್ತು,” ಎಂದ ಜೆಥ್ರೊ, ಥೇಟ್ ವಾರ್ತೆಯ ಹೆಂಗಸು. ಹುಲ್ಲಿನ ಮೇಲಿದ್ದ ಹುಡುಗರು ಅಂಗಿಯ ಅಂಚನ್ನು ಬಾಯಿಗೆ ತುರುಕಿಕೊಂಡರು. ಮ್ಯಾನೇಜರ್ ಬ್ರಿಗ್ಸ್‌ಗೆ ಏನೂ ತಿಳಿಯಲಿಲ್ಲ. ಅವನು ಆಚೆ ಗೆರೆಯ ಬಳಿ ಬಗ್ಗಿ, ಪೆಂಡಿಯ ಬೂಟು ಗೆರೆ ಮುಟ್ಟುತ್ತದೆಯೋ ಇಲ್ಲವೋ ಎಂದು ನೋಡುವುದರಲ್ಲಿ ಮುಳುಗಿದ್ದ.

ನಿಂತು ಕೂಗಬಹುದಿತ್ತು. ಕೂಗಿದರೆ ಬ್ರಿಗ್ಸ್ ಏನನ್ನುತ್ತಾನೆಂದು ಪೆಂಡಿಗೆ ಗೊತ್ತು: ‘ಇದು ಲೆಕ್ಕಕ್ಕಿಲ್ಲ, ಗುರುವಾರ ಮೊದಲಿಂದ ಓಡು.’ ಗುರುವಾರ ಬರಬಹುದು, ಈ ಮೊಣಕಾಲು ಬರುವುದಿಲ್ಲ. ಬೀಪು ಯಾರ ಬಾಯಿಂದಲಾದರೂ ಬರಲಿ, ಆ ಬಾಯಿಂದಲೇ ಹನ್ನೆರಡನ್ನೂ ಹೊರಡಿಸಬೇಕು. ಓಡಿದ.

“ಹಂತ ಹನ್ನೊಂದು,” ಎಂದಳು ಜೆಥ್ರೊನೊಳಗಿನ ಹೆಂಗಸು. ಅಲ್ಲಿಗೆ ಅವಳ ಅಂಕೆಗಳು ಮುಗಿದವು. ಒಂದು ನಿಮಿಷವಾಯಿತು, ಎರಡಾಯಿತು. ಬೀಪು ಬರುತ್ತಿದೆ, ಹನ್ನೆರಡು ಬರುತ್ತಿಲ್ಲ.

“ಹೇಳೋ,” ಎಂದ ಪೆಂಡಿ, ಗೂಡಿನ ಮುಂದೆ ತಿರುಗುತ್ತ.

“ಹಂತ ಹನ್ನೊಂದು, ತಾತ,” ಎಂದ ಜೆಥ್ರೊ ಮೆಲ್ಲಗೆ, ಅದೇ ಹೆಣ್ಣುದನಿಯಲ್ಲಿ.

ಹೋಗಿ ಬಂದ. “ಹೇಳೋ ಮಾರಾಯ.”

“ಕಾಲು ನೋಯ್ತಿದ್ರೆ ಮಗ್ಗು ಇದೆ, ತಾತ. ಚೆಂದದ ಮಗ್ಗು.”

ಮತ್ತೆ ಹೋಗಿ ಬಂದ. ಈ ಸಲ ಮಾತಿಗೆ ಉಸಿರು ಉಳಿದಿರಲಿಲ್ಲ, ಸುಮ್ಮನೆ ನೋಡಿದ. ಮರುಸಲವೂ ನೋಡಿದ. ತುಟಿ ಬೆಳ್ಳಗಾಗಿತ್ತು, ಎಡಗಾಲು ಊರಿದಾಗೆಲ್ಲ ಇಡೀ ಮೈ ಒಂದು ಕಡೆ ವಾಲುತ್ತಿತ್ತು, ಬೂಟು ಮಾತ್ರ ಬೀಪಿಗಿಂತ ಮೊದಲೇ ಗೆರೆ ಮುಟ್ಟುತ್ತಿತ್ತು. ಹುಡುಗರು ನಗು ನಿಲ್ಲಿಸಿ ಎದ್ದು ಕೂತರು. ಜೆಥ್ರೊನ ಚಾಚಿದ ತುಟಿ ಒಣಗಿತು. ಇವನು ಬಿದ್ದೇಬೀಳುತ್ತಾನೆ, ಬಿದ್ದ ಕೂಡಲೇ ಎಲ್ಲ ಹೇಳಿ ನಕ್ಕುಬಿಡೋಣ ಅಂತ ಅವನು ಲೆಕ್ಕ ಹಾಕಿದ್ದ. ಇವನೋ ಬೀಳುತ್ತಲೇ ಇಲ್ಲ.

“ಹನ್ನೆರಡು!” ಎಂದು ಕಿರುಚಿದ ಜೆಥ್ರೊ. “ಹನ್ನೆರಡು ಕಣೋ! ಸಾಕು ನಿಲ್ಲಿಸೋ, ಪುಣ್ಯಾತ್ಮ!”

ಅದು ಹೆಂಗಸಿನ ದನಿಯಾಗಿರಲಿಲ್ಲ. ಬ್ರಿಗ್ಸ್ ತಲೆ ಎತ್ತಿದ. ದಡದಡ ನಡೆದು ಬಂದು ಪೆಟ್ಟಿಗೆಯನ್ನೆತ್ತಿ ಅಲುಗಾಡಿಸಿದ. ಪೆಂಡಿ ಹುಲ್ಲಿನ ಮೇಲೆ ಅಂಗಾತ ಬಿದ್ದಿದ್ದ.

“ಯಾವಾಗ ಸತ್ತಿದ್ದು ಇದು?”

“ಎಂಟಾದ ಮೇಲೆ, ಬಾಸ್.”

“ಮತ್ತೆ ಹನ್ನೊಂದರಲ್ಲೇ ಎಷ್ಟು ಹೊತ್ತು ಓಡಿಸ್ದೆ ಇವನನ್ನ?”

ಜೆಥ್ರೊ ಬೆರಳು ಎಣಿಸಿದ. “ಮೂರು ಹನ್ನೊಂದು ಆಗಿರಬಹುದು, ಬಾಸ್. ಬೀಪು ಒಂಚೂರು ಬೇಗಬೇಗನೇ ಬಿಟ್ಟಿದ್ದೆ.”

ಆಗ ಕೆಳಗಿನಿಂದ ನಗು ಎದ್ದಿತು. ಪೆಂಡಿ ನಗುತ್ತಿದ್ದ, ಹೊಟ್ಟೆ ಕುಣಿಯುವ ಹಾಗೆ, ಕಣ್ಣಲ್ಲಿ ನೀರು ಸುರಿಯುವ ಹಾಗೆ. ಜೆಥ್ರೊ ನಕ್ಕ, ಹುಡುಗರು ನಕ್ಕರು, ತಡೆಯಲಾರದೆ ಬ್ರಿಗ್ಸ್ ಕೂಡ ನಕ್ಕು ಜೇಬಿನಿಂದ ಕರಾರಿನ ಕಾಗದ ತೆಗೆದ.

“ಮೂರು ಹನ್ನೊಂದು ಕೂಡಿದ್ರೆ ಹನ್ನೆರಡಕ್ಕಿಂತ ಜಾಸ್ತೀನೇ ಆಯ್ತು. ಏಳಯ್ಯ, ಸಹಿ ಹಾಕು.”

“ಇಲ್ಲೇ ಕೊಡಿ ಬಾಸ್... ನಗು ನಿಲ್ತಾನೇ ಇಲ್ಲ.”

ಬ್ರಿಗ್ಸ್ ಕಾಗದವನ್ನು ಅವನ ಎದೆಯ ಮೇಲಿಟ್ಟ. ಪೆಂಡಿ ಮಲಗಿದ್ದಲ್ಲೇ ಸಹಿ ಹಾಕಿದ. ಎಲ್ಲರೂ ತಿನ್ನಲು ಬಿಸಿ ಪೈ ಇದೆಯೆಂದು ಕ್ಲಬ್ಬಿನ ಒಳಗೆ ಹೋದರು. ಅವರ ನಗು ಬಾಗಿಲು ದಾಟುವುದರೊಳಗೆ ಆರಿತು. ಮೈದಾನದ ನಡುವೆ ಪೆಂಡಿ ಇನ್ನೂ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ. ಎರಡೂ ಕೈಯಿಂದ ಎಡ ಮೊಣಕಾಲನ್ನು ಹಿಡಿದು, ಅದು ಮಡಚಿಕೊಳ್ಳುತ್ತದೆಯೋ ಎಂದು ನೋಡುತ್ತಿದ್ದ. ಮಡಚಿಕೊಳ್ಳಲಿಲ್ಲ. ಪರವಾಗಿಲ್ಲ, ಶನಿವಾರಕ್ಕೆ ಇನ್ನೂ ನಾಲ್ಕು ದಿನವಿತ್ತು.