ದುಂಡಪ್ಪನ ಸವಾಲು

ಲಾವಣಿ ಕಟ್ಟುತ್ತಿದ್ದ ರಾಜೇಸಾಬ ಸತ್ತಿದ್ದೇ ತಡ, ಅವನ ಹಾಡುಗಳ ಕೊನೆಯ ನುಡಿಯಲ್ಲಿದ್ದ ಅವನ ಹೆಸರು ಹೋಗಿ ಶಿಷ್ಯ ದುಂಡಪ್ಪನ ಹೆಸರು ಬಂದು ಕೂತಿತು. ರೇಡಿಯೊದಲ್ಲೂ ಅದೇ, ಪ್ರಶಸ್ತಿಯಲ್ಲೂ ಅದೇ. ಮಗಳು ಕಾಸಿಂಬಿ ಹಲ್ಲು ಕಚ್ಚಿಕೊಂಡು ಅಪ್ಪನ ಡಪ್ಪು ಹಿಡಿದಳು, ತನ್ನದೇ ಮೇಳ ಕಟ್ಟಿದಳು.

ಕೊನೆಗೊಮ್ಮೆ ಇಬ್ಬರೂ ಒಂದೇ ಕಟ್ಟೆಯ ಮೇಲೆ ಎದುರುಬದುರಾದರು. ಹಿರಿಯರು ಕಟ್ಟಳೆ ಹೇಳಿದರು: "ಸವಾಲಿಗೆ ಜವಾಬು ಕೊಡಬೇಕು. ಎದುರಿನವರು ಸೋತ್ವಿ ಅಂದ್ರ, ಸವಾಲು ಹಾಕಿದವರೇ ಅದನ್ನ ಬಿಡಿಸಿ ಹೇಳಬೇಕು. ಅವರಿಗೂ ಹೇಳಾಕ ಆಗಲಿಲ್ಲಂದ್ರ ಡಪ್ಪು ಕೆಳಗಿಟ್ಟು ಹೋಗಬೇಕು, ಮತ್ತ ಹಾಡಂಗಿಲ್ಲ."

ದುಂಡಪ್ಪ ನಕ್ಕ. ಸೋತೆವೆಂದು ಬಾಯಿಬಿಟ್ಟು ಒಪ್ಪಿದ ಮೇಳವನ್ನು ಅವನು ಕಂಡೇ ಇರಲಿಲ್ಲ. ಗೊತ್ತಿಲ್ಲದವರೂ ಏನೋ ಒಂದು ಹೇಳಿ ಜಗಳಕ್ಕೆ ನಿಲ್ಲುತ್ತಿದ್ದರು. ಗುರು ಹಾಸಿಗೆ ಹಿಡಿದಾಗ ಕಟ್ಟಿದ್ದ, ಊರವರಾರೂ ಕೇಳಿರದ ಸವಾಲನ್ನೇ ಎತ್ತಿದ:

"ಹಡೆದವ್ವನ ಲಗ್ನಕ್ಕ ಹಂದರ ಹಾಕಿದ ಮಗ ಯಾರು ಹೇಳ?"

ಕೊನೆಯ ನುಡಿಯಲ್ಲಿ ತನ್ನ ಹೆಸರನ್ನು ಎರಡೆರಡು ಸಲ ಹಾಡಿದ. ಜನ ಶಿಳ್ಳೆ ಹೊಡೆದರು.

ಆ ಸವಾಲಿನ ಜವಾಬನ್ನು ಅಪ್ಪ, ತನ್ನ ಕಾಲೊತ್ತುತ್ತ ಕೂತಿದ್ದ ಕಾಸಿಂಬಿಯೊಬ್ಬಳಿಗೇ ಹೇಳಿ ಕಣ್ಣು ಮುಚ್ಚಿದ್ದ. ಅದೀಗ ಅವಳ ತುದಿನಾಲಿಗೆಯ ಮೇಲಿತ್ತು.

"ಯಾಕ ತಂಗಿ, ಅಪ್ಪ ಏನೂ ಕಲಿಸಲಿಲ್ಲೇನು?" ಎಂದ ದುಂಡಪ್ಪ.

ಕಾಸಿಂಬಿ ಎದ್ದು ನಿಂತು, ಇಡೀ ಊರಿಗೆ ಕಾಣುವಂತೆ ಕೈ ಮುಗಿದಳು.

"ಸೋತೆನ್ರಿ, ಅಣ್ಣಾರ. ಕಟ್ಟಿದವರು ನೀವ ಅಲ್ಲೇನು, ಬಿಡಿಸಿ ಹೇಳ್ರಿ."