ಮಂಗಳವಾರದ ಮಾತ್ರೆ

"ಮುದುಕರು ಇವತ್ತೂ ಮನೇಲಿಲ್ವಾ?" ಬಾಗಿಲು ತೆರೆದವಳನ್ನು ತಪಾಸಣಾಧಿಕಾರಿ ಗದರಿದರು.

"ಏನ್ಮಾಡ್ಲಿ ಸಾರ್, ನೀವು ಬಂದಾಗೆಲ್ಲ ಮಾವ ಕೈಗೇ ಸಿಗಲ್ಲ."

ಮರೆವಿನ ಕಾಯಿಲೆಗೆ ಸಿಕ್ಕ ಮಾವನ ಪರವಾಗಿ ಎಲ್ಲ ತೀರ್ಮಾನ ಮಾಡಲು ನ್ಯಾಯಾಲಯ ನೇಮಿಸಿದ ಪಾಲಕಿ ಈ ಸೊಸೆ. ಅವಳ ಮೇಲೆ ಅಧಿಕಾರಿಗೆ ಮೊದಲಿನಿಂದಲೂ ಅನುಮಾನ. ಎಷ್ಟು ಸಲ ಬಂದರೂ ಮುದುಕರ ಮುಖವನ್ನೇ ಅವರು ಕಂಡಿಲ್ಲ. ಇವತ್ತು ಇತ್ಯರ್ಥವಾಗಲೇಬೇಕು. ತಪ್ಪು ಕಂಡರೆ ಪಾಲಕತನ ರದ್ದು. ಮುದುಕರು ಸಂಜೆಯೊಳಗೆ ವೃದ್ಧಾಶ್ರಮಕ್ಕೆ.

ಗೇಟಿನ ಬಳಿ ಜೊತೆಯಾದ ಯುವತಿ ಟಿಪ್ಪಣಿ ಪುಸ್ತಕ ಹಿಡಿದು ಹಿಂದೆಯೇ ಬಂದಳು. ಕಚೇರಿಯವಳೆಂದಳು. ತರಬೇತಿಯವಳಿರಬೇಕು.

"ಸರಿಯಾಗಿ ನೋಡ್ಕೋಮ್ಮ," ಎಂದರು ಅಧಿಕಾರಿ, ಅಕ್ಷರ ಸವೆದ ಎದೆಯ ಬಿಲ್ಲೆಯನ್ನು ನೇರ ಮಾಡಿಕೊಳ್ಳುತ್ತ. "ಕೇಳಿದ್ದನ್ನ ಬರೀಬಾರ್ದು. ಖುದ್ದು ಪರೀಕ್ಷೆ ಮಾಡಿದ್ದನ್ನ ಮಾತ್ರ ಬರೀಬೇಕು."

"ಅದಕ್ಕೇ ಬಂದಿರೋದು ಸಾರ್."

ಬಚ್ಚಲಿನ ಬಕೆಟ್‌ಗೆ ಉಷ್ಣಮಾಪಕ ಇಳಿಸಿದರು. ಮೂವತ್ತೆಂಟು ಡಿಗ್ರಿ. ಉಪಕರಣವನ್ನೊಂದೇ ನಂಬುವುದುಂಟೇ? ಬೂಟು ಕಳಚಿ ಕಾಲನ್ನೂ ಇಳಿಸಿದರು. ಹಿತವಾಗಿತ್ತು. ಸೊಸೆ ಟವೆಲ್ ಹಿಡಿದು ಸಿದ್ಧವಾಗಿ ನಿಂತಿದ್ದಳು.

ಅಡುಗೆಮನೆಯಲ್ಲಿ ಮಾವನಿಗೆಂದು ಮಾಡಿದ ಸೂಪು. ಒಂದು ಚಮಚ ರುಚಿ ನೋಡಿದರು. ಒಂದೇ ಮಾದರಿಯಿಂದ ನಿರ್ಣಯಕ್ಕೆ ಬರುವುದು ಅವೈಜ್ಞಾನಿಕ. ಬಟ್ಟಲು ಬರಿದಾಯಿತು.

"ಉಪ್ಪು ಒಂದು ಚಿಟಿಕೆ ಕಡಿಮೆ," ಎಂದರು. ಯುವತಿ ಬರೆದುಕೊಂಡಳು.

ಆಮೇಲೆ ಸಿಕ್ಕಿತು ಸಾಕ್ಷಿ. ವಾರಕ್ಕೆ ಏಳು ಗೂಡುಗಳ ಮಾತ್ರೆ ಡಬ್ಬಿ. ಗಂಟೆ ಹನ್ನೊಂದಾದರೂ ಮಂಗಳವಾರದ ಗೂಡಿನಲ್ಲಿ ಮಾತ್ರೆ ಹಾಗೇ ಕೂತಿತ್ತು.

"ಬೆಳಗಿನ ಮಾತ್ರೆ ಯಾಕಮ್ಮ ಕೊಟ್ಟಿಲ್ಲ?"

"ನಾನು ಕೊಟ್ರೆ ವಿಷ ಅಂತಾರೆ ಸಾರ್. ತಲೆಕೆಳಗಾಗಿ ನಿಂತ್ರೂ ನುಂಗಲ್ಲ."

"ವಿಷವೇ ಇರ್ಬಹುದು, ಯಾರಿಗ್ಗೊತ್ತು!"

"ಹಾಗಾದ್ರೆ ನೀವೇ ಪರೀಕ್ಷೆ ಮಾಡ್ಬಿಡಿ."

ಮೂವತ್ತು ವರ್ಷ ಸರ್ವಿಸಾದವರಿಗೇ ಸವಾಲು! ಅಧಿಕಾರಿ ಮಾತ್ರೆಯನ್ನು ಬಾಯಿಗೆಸೆದು ಗಟಗಟ ನೀರು ಕುಡಿದರು. ಗಡಿಯಾರ ನೋಡುತ್ತ ಐದು ನಿಮಿಷ ಕಾದರು. ಸಾಯಲಿಲ್ಲ. ತುಸು ನಿರಾಶೆಯೇ ಆಯಿತು.

ಉಳಿದದ್ದು ಹಾಸಿಗೆ. ಅದರ ಮೇಲೂ ಮಲಗಿ ನೋಡಿದರು. ಬೆನ್ನಿಗೆ ಎಲ್ಲೂ ಒತ್ತಲಿಲ್ಲ.

"ಹಾಸಿಗೇಲಿ ದೋಷ ಇಲ್ಲ," ಎಂದು ಗೊಣಗಿದರು. "ಆದ್ರೂ ಮುದುಕರನ್ನ ಕಣ್ಣಾರೆ ನೋಡ್ದೆ ನಾನಂತೂ ಸಹಿ..."

ಮಾತು ಗೊರಕೆಯಾಯಿತು. ಸೊಸೆ ಹೊದಿಕೆ ಹೊದಿಸಿದಳು. ಎದೆಯ ಬಿಲ್ಲೆಯನ್ನು ಮೆಲ್ಲಗೆ ಬಿಚ್ಚಿ, ದಿನವೂ ಹಾಕುವಂತೆ ಮಂಚದ ಪಕ್ಕದ ಮೊಳೆಗೆ ತೂಗುಹಾಕಿದಳು.

"ಏನಂತ ಬರೀತೀರಾ ಮೇಡಂ?"

ಯುವತಿ ಬರೆದು ಮುಗಿಸಿ, ಸಹಿ ಹಾಕಿ, ಪುಸ್ತಕವನ್ನು ಅವಳತ್ತ ತಿರುಗಿಸಿದಳು: "ಹಿರಿಯರನ್ನು ಕಣ್ಣಾರೆ ಕಂಡೆ; ಕಾಲು ತೊಳೆದರು, ಉಂಡರು, ಮಾತ್ರೆ ನುಂಗಿದರು, ಈಗ ಮಲಗಿದ್ದಾರೆ. ಸೊಸೆಯ ಪಾಲಕತನ ಮುಂದುವರಿಯಲಿ."