ಹೊರಗಾದವಳು

ಮಂಗಳ ಗ್ರಹದ ಆ ಗಾಜಿನೂರಿನಲ್ಲಿ ಯಾರೂ ಸಾಯುವುದಿಲ್ಲ, ‘ಹೊರಗಾಗುತ್ತಾರೆ’. ಗಾಜಿನಾಚೆ ಉಸಿರಾಡಲು ಗಾಳಿಯಿಲ್ಲ, ಹೆಣಗಳಿಗೆ ಮಾತ್ರ ಅಲ್ಲಿ ಜಾಗ.

ಬಚ್ಚಲಿನಿಂದ ಬಿಳಿಚಿಕೊಂಡು ಬಂದ ತುಂಗೆ, “ಬಟ್ಟೆಯಲ್ಲಿ ರಕ್ತ” ಎಂದಾಗ, ಭೂಮಿಯಲ್ಲಿ ಹುಟ್ಟಿ ಬೆಳೆದ ಅಜ್ಜಿ ಸಾಕಮ್ಮನ ಬಾಯಿಗೆ ಹಳೆಯ ಮಾತೇ ಬಂತು.

“ಹೊರಗಾದ್ಯೇನವ್ವ, ನನ್ ಕಂದ.”

ಹುಡುಗಿ ಅಜ್ಜಿಯ ಸೆರಗು ಹಿಡಿದಳು. “ಅಮ್ಮನ ಥರ ನಾನೂನಾ ಅಜ್ಜಿ?”

ಅವಳಮ್ಮನನ್ನು ಹೋದ ವರ್ಷವಷ್ಟೇ ಕಿಟಕಿಯಾಚೆಯ ಕೆಂಪು ಮಣ್ಣಿನಲ್ಲಿ ಮಲಗಿಸಿ ಬಂದಿದ್ದರು. ಸಾಕಮ್ಮ ನಾಲಿಗೆ ಕಚ್ಚಿಕೊಂಡು ಮೊಮ್ಮಗಳನ್ನು ಮಡಿಲಿಗೆ ಎಳೆದುಕೊಂಡಳು.

“ಸಾಯೋದಲ್ಲ ಕಣವ್ವ, ಕಾಯ್ಲೇನೂ ಅಲ್ಲ. ಮೈ ಬೆಳೀತಾ ಅದೆ, ಅಷ್ಟೇಯ. ಇನ್ನು ತಿಂಗ್ಳು ತಿಂಗ್ಳು ಬತ್ತದೆ, ತಾನಾಗೇ ನಿಲ್ತದೆ. ನಮ್ಮೂರಲ್ಲಿ ಮುಟ್ಟಾದೋರ್ನ ಹೊರಗೆ ಜಗಲಿ ಮೇಲೆ ಕೂರಿಸೋರು, ಅದಕ್ಕೇ ಹಂಗನ್ನೋದು. ನಾಕನೇ ದಿನ ತಲೆಗೆ ನೀರು ಹುಯ್ಕೊಂಡು ಒಳಕ್ಕೆ ಬತ್ತಿದ್ವಿ.”

ತುಂಗೆ ಕಿಟಕಿಯ ಕಡೆ ತಿರುಗಿದಳು.

“ಹೊರಗಾದೋರು ಎಲ್ಲಾರೂ ಒಳಗೆ ಬರ್ತಿದ್ರಾ ಅಜ್ಜಿ?”

“ಎಲ್ಲಾರೂ ಬತ್ತಿದ್ರು ಕಣವ್ವ,” ಎಂದ ಸಾಕಮ್ಮ, ಮಗಳ ಮಣ್ಣಿನ ದಿಬ್ಬ ಕಾಣದಂತೆ ಎದ್ದು ಪರದೆ ಎಳೆದಳು.